ಅಂಗೈ ಅಳತೆ

ಮೂರನೆಯ ಜೊತೆ ಸೈಕಲ್ ಗ್ಲೌಸ್ ತೊಟ್ಟು ನೋಡುವಷ್ಟರಲ್ಲಿ, ಆ ಮನುಷ್ಯ ಗಿರಾಕಿಯಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಸೈಕಲ್ ತುಳಿಯುವವರ ಕೈ ಅವಳಿಗೆ ಗೊತ್ತಿತ್ತು. ಬೆರಳಿನ ಬುಡದಲ್ಲಿ ಗಡಸು, ಮಣಿಕಟ್ಟಿನ ಮೇಲೆ ಬಿಸಿಲಿನ ಗೆರೆ. ಇವನ ಅಂಗೈ ಹತ್ತಿಯ ಹಾಗಿತ್ತು. ಯಾವ ಸೈಕಲ್ ಎಂದು ಕೇಳಿದ್ದಕ್ಕೆ "ಹೀಗೇ, ಮಾಮೂಲಿ" ಎಂದು ಗೋಡೆಯ ಮೇಲೆ ನೇತುಹಾಕಿದ ಟೈರುಗಳತ್ತ ನೋಡಿದ.

ಶೂ ವಿಭಾಗದವಳು ಹೋದ ವಾರವೇ ಕಿವಿಯಲ್ಲಿ ಉಸುರಿದ್ದಳು: "ಹುಷಾರು ಕಣೇ. ಮಾಲೀಕರು ತಮ್ಮವರನ್ನೇ ಗಿರಾಕಿ ಥರ ಕಳಿಸಿ ನಮ್ಮನ್ನ ಪರೀಕ್ಷೆ ಮಾಡ್ತಾರಂತೆ."

ಬೆಳಗ್ಗೆಯಿಂದ ನಿಂತು ನಿಂತು ಅವಳ ಮೊಣಕಾಲು ಬಾತಿತ್ತು. ಗಿರಾಕಿಗಳ ಮುಂದೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಕೌಂಟರಿನ ಹಿಂದಿನ ಸ್ಟೂಲನ್ನು ಕಳೆದ ವರ್ಷವೇ ಎತ್ತಿಸಿದ್ದರು. ವೆಲ್ಡಿಂಗ್ ಮಾಡುತ್ತಿದ್ದ ಗಂಡ ಕಣ್ಣಿನ ಚಿಕಿತ್ಸೆಯಾಗಿ ಮನೆಯಲ್ಲಿದ್ದ. ಸದ್ಯಕ್ಕೆ ಸಂಸಾರ ನಡೆಯುತ್ತಿದ್ದದ್ದು ಈ ಕೌಂಟರಿನಿಂದಲೇ.

ಆದರೂ ಮೊನ್ನೆಯಿಂದ ಒಂದು ಸಣ್ಣ ಆಸೆ. ಯಾವತ್ತೂ ತಲೆಯೆತ್ತಿ ನೋಡದ ಮಾಲೀಕರು ಅವಳ ಬಳಿ ನಿಂತು ಕೇಳಿದ್ದರು: "ಕಾಲು ನೋವು ಹೇಗಿದೆಯಮ್ಮ? ಇಡೀ ದಿನ ನಿಂತಿರೋದು ಕಷ್ಟ ಆಗ್ತಿರಬೇಕು, ಅಲ್ವಾ?" ಮೇಲಿನ ಮಹಡಿಯಲ್ಲಿ ಬಿಲ್ಲಿಂಗ್ ನೋಡುತ್ತಿದ್ದವರು ನಿವೃತ್ತರಾಗಿದ್ದರು. ಅಲ್ಲಿ ಕುರ್ಚಿಯಿತ್ತು. ಒರಗುವ ಬೆನ್ನಿದ್ದ ಕುರ್ಚಿ.

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು, ಮೇಲಿನ ಸಾಲಿನಿಂದ ಎಲ್ಲಕ್ಕಿಂತ ದುಬಾರಿ ಜೊತೆಯನ್ನು ಇಳಿಸಿದಳು.

"ಇದು ಜೆಲ್ ತುಂಬಿದ್ದು ಸಾರ್. ಒತ್ತಿ ನೋಡಿ, ದಿಂಬಿನ ಹಾಗಿದೆ."

ಅವನು ಒತ್ತಿದ. ಇಸ್ತ್ರಿ ಮಾಡಿದ ಅಂಗಿ, ಆದರೆ ಕಾಲರಿನ ಅಂಚು ಸವೆದಿತ್ತು. ಕಣ್ಣ ಕೆಳಗೆ ನಿದ್ದೆಗೆಟ್ಟವರ ಕಪ್ಪು.

"ನೀವಾಗಿದ್ರೆ ಇದನ್ನ ತಗೋತಿದ್ರಾ?" ಎಂದ.

ಸಿಕ್ಕಿಸುವ ಪ್ರಶ್ನೆ. ಹೌದು ಎಂದರೆ ಮಾರಾಟ ಬಲ್ಲವಳು. ಇಲ್ಲ ಎಂದರೆ ನಿಯತ್ತಿನವಳು. ಇವನು ಯಾವುದನ್ನು ಅಳೆಯಲು ಬಂದಿದ್ದಾನೋ. ಲೆಕ್ಕ ಹಾಕುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಇಲ್ಲ ಸಾರ್," ಎಂದುಬಿಟ್ಟಳು. "ಅಂಗಡೀಲಿ ಮೆತ್ತಗಿರುತ್ತೆ, ರಸ್ತೇಲಿ ಕೈ ಕೊಡುತ್ತೆ. ಪ್ಯಾಡ್ ಇಷ್ಟು ದಪ್ಪ ಇದ್ರೆ ಹಿಡಿ ಗಟ್ಟಿಯಾಗಿ ಸಿಗಲ್ಲ, ಇನ್ನೂ ಬಿಗಿಯಾಗಿ ಹಿಡೀತೀರಿ. ಆಮೇಲೆ ಕಿರುಬೆರಳು ಜೋಮು ಹಿಡಿಯುತ್ತೆ."

ಮಂಡಿಯೂರಿ ಕೆಳಗಿನ ಸಾಲಿನಿಂದ ಬೂದುಬಣ್ಣದ ಜೊತೆಯೊಂದನ್ನು ಎಳೆದಳು. ಏಳುವಾಗ ಕೌಂಟರಿನ ಅಂಚು ಹಿಡಿಯಬೇಕಾಯಿತು. ಅವನು ಕೈ ಚಾಚಿದ. ಅವಳು ನೋಡದವಳಂತೆ ಎದ್ದಳು.

"ಇದನ್ನ ಹಾಕ್ಕೊಂಡು ಆ ಹ್ಯಾಂಡಲ್ ಹಿಡೀರಿ."

ಕೌಂಟರಿನ ತುದಿಗೆ ಹಳೆಯ ಹ್ಯಾಂಡಲ್ ಒಂದನ್ನು ಬೋಲ್ಟು ಹಾಕಿ ಕೂರಿಸಿದ್ದಳು. ಅವನು ಹಿಡಿದ.

"ಅಂಗೈ ಹತ್ರ ಬಟ್ಟೆ ಮಡಿಕೆ ಬೀಳ್ತಿದ್ಯಾ? ಬಿದ್ರೆ ಒಂದು ಅಳತೆ ದೊಡ್ಡದು ಅಂತ ಅರ್ಥ. ಬೆರಳ ಸಂದಿ ಒತ್ತಿದ್ರೆ ಚಿಕ್ಕದು. ಪ್ಯಾಡ್ ತೆಳ್ಳಗಿದ್ರೂ ಸಾಕು, ಅಂಗೈ ಬುಡದಲ್ಲಿ ಈ ಎರಡು ದಿಣ್ಣೆ ಮೇಲೆ ಕೂರಬೇಕು. ನಡುವಿನ ತಗ್ಗು ಖಾಲಿ ಇರಲಿ, ನರ ಹೋಗೋದು ಅಲ್ಲೇ. ಹೆಬ್ಬೆರಳ ಮೇಲೆ ಟವೆಲ್ ಬಟ್ಟೆ ಇದೆ ನೋಡಿ, ಬೆವರು ಒರೆಸಿಕೊಳ್ಳೋಕೆ."

ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಬಾಯಿಪಾಠ ಮಾಡುವವರ ಹಾಗೆ.

"ಬೆರಳು ದಪ್ಪ ಇರೋರು ಬಂದ್ರೆ ಏನು ಕೊಡ್ತೀರಿ?"

"ಹಿಗ್ಗೋ ಬಟ್ಟೇದು. ಅಳತೆ ಹೆಚ್ಚಿಸಬಾರದು."

"ಹಾಕ್ಕೊಂಡು, ತೊಳೆದು, ವಾಪಸ್ ತಂದ್ರೆ?"

"ಮೊದಲು ಕೂಗಾಡೋಕೆ ಬಿಡಬೇಕು. ಅವರಿಗೆ ಸುಸ್ತಾದ ಮೇಲೆ ಮಾತಾಡಬೇಕು. ಅಷ್ಟರಲ್ಲಿ ನಮಗೂ ಸುಸ್ತಾಗಿರುತ್ತೆ, ಜಗಳ ಆಗಲ್ಲ."

ಅವನು ನಕ್ಕ. ಈಗ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಯಾವ ಗಿರಾಕಿ ಇಂಥದ್ದನ್ನೆಲ್ಲ ಕೇಳುತ್ತಾನೆ? ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಳು. ಯಾವ ಜೊತೆಯ ಹೊಲಿಗೆ ಬೇಗ ಬಿಚ್ಚುತ್ತದೆ, ಚಳಿಗಾಲಕ್ಕೆ ಏನನ್ನು ಮುಂದಿಡಬೇಕು, ಚೌಕಾಸಿಯವರನ್ನು ಹೇಗೆ ನಗಿಸಿ ಕಳಿಸಬೇಕು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಮೊಣಕಾಲಿನ ನೋವೇ ಮರೆತುಹೋಗಿತ್ತು.

"ಈ ಬೂದು ಜೊತೇನೇ ಕೊಡಿ," ಎಂದ ಕೊನೆಗೆ. "ಇನ್ಮೇಲೆ ನಾನೂ ಸೈಕಲ್ಲಲ್ಲೇ ಓಡಾಡಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ. "ಸಾಕು ಬಿಡಿ ಸಾರ್. ನೀವ್ಯಾಕೆ ಬಂದಿದ್ದೀರಿ ಅಂತ ನಂಗೆ ಆಗಲೇ ಗೊತ್ತಾಯ್ತು."

ಅವನ ಮುಖದ ಬಿಗಿ ಒಮ್ಮೆಲೇ ಸಡಿಲವಾಯಿತು. "ಗೊತ್ತಾ? ಅಬ್ಬಾ, ಬದುಕಿದೆ. ಬಾಯಿ ಬಿಡಬೇಡ, ಸುಮ್ಮನೆ ಗಿರಾಕಿ ಹಾಗೆ ಹೋಗಿ ನೋಡ್ಕೊಂಡು ಬಾ ಅಂದಿದ್ರು ಮಾಲೀಕರು. ನಿಮ್ಮ ಮುಂದೆ ನಾಟಕ ಆಡ್ತಾ ನಿಂತಿರೋಕೆ ಸಂಕಟ ಆಗ್ತಿತ್ತು."

"ಮತ್ತೆ, ಅವರಿಗೆ ಏನು ಹೇಳ್ತೀರಿ?" ಚೀಲ ಬಿಡಿಸುತ್ತ ಕೇಳಿದಳು.

"ನಿಮ್ಮ ಥರ ಹೇಳಿಕೊಡೋರು ಎಲ್ಲೂ ಸಿಗಲ್ಲ ಅಂತ ಹೇಳ್ತೀನಿ."

ಅವಳು ಗ್ಲೌಸನ್ನು ಚೀಲಕ್ಕೆ ಹಾಕಿ ಕೊಟ್ಟಳು. ಗಂಡನಿಗೆ ಈ ಸುದ್ದಿಯನ್ನು ಹೇಗೆ ಶುರುಮಾಡಿ ಹೇಳಬೇಕೆಂದು ಮನಸ್ಸು ಆಗಲೇ ಮಾತು ಹುಡುಕುತ್ತಿತ್ತು.

ಅವನು ಚೀಲ ತೆಗೆದುಕೊಂಡು ಎರಡು ಹೆಜ್ಜೆ ಹೋದವನು, ತಡೆಯಲಾರದೆ ತಿರುಗಿ ನಿಂತ: "ತಪ್ಪು ತಿಳೀಬೇಡಿ ಅಕ್ಕ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಕೆಲಸ ಬಿಡ್ತಿದ್ದೀರಿ? ಸೋಮವಾರದಿಂದ ಈ ಜಾಗದಲ್ಲಿ ನಾನು ನಿಂತ್ಕೋಬೇಕು ಅಂದ್ರೆ ಈಗಲೇ ಭಯ ಆಗ್ತಿದೆ."