ಇಳಿಯದ ಜೀನು

ದೇಚಮ್ಮನ ಕುದುರೆ ಸವಾರಿಯ ವಿಡಿಯೋಗೆ ಬಂದ ನಲವತ್ತೊಂದು ಟೀಕೆಗಳಲ್ಲಿ ನಲವತ್ತು ತೀರಿದ್ದವು. ಟೀಕೆ ಬರೆದವರೇ ‘ಸರಿಹೋಯಿತು’ ಎಂದು ಫೋನಿನ ಮೇಲೆ ಹೆಬ್ಬೆರಳು ಒತ್ತುವವರೆಗೆ ಜೀನಿನ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುವುದಿಲ್ಲ. ಎಲ್ಲ ಕುದುರೆಗಳದ್ದೂ ಹಾಗೇ. ಹಿಮ್ಮಡಿ ಇಳಿಸು ಎಂದವರಿಗೆ ಇಳಿಸಿ, ಏರಿಸು ಎಂದವರಿಗೆ ಏರಿಸಿ, ದೇಚಮ್ಮ ನಿನ್ನೆಯಿಂದ ತನ್ನ ಕುದುರೆ ಕಸ್ತೂರಿಯ ಮೇಲೆ ಸುತ್ತುತ್ತಲೇ ಇದ್ದಳು. ಜೀನಿನಡಿ ಕುದುರೆಯ ಬೆನ್ನು ಹುಣ್ಣಾಗಿತ್ತು.

ಉಳಿದದ್ದು ಅವಳ ಗುರು ಹಿದಾಯತ್ ಸಾಹೇಬರದ್ದು: ‘ಲಗಾಮು ಬಿಗಿಯಾಯ್ತಮ್ಮ. ಕುದುರೆಗೆ ನೋವಾಗ್ತದೆ.’

ಲಗಾಮು ಸಡಿಲಿಸಿ ಆರು ಸಲ ವಿಡಿಯೋ ಕಳಿಸಿದ್ದಳು. ಉತ್ತರವಿರಲಿಲ್ಲ. ಕೊನೆಗೆ ಅವರ ಮನೆಗೆ ಫೋನ್ ಮಾಡಿದಳು. ಮಗಳು ನಸೀಮಾ ಎತ್ತಿಕೊಂಡಳು.

“ಅಪ್ಪ ನಿನ್ನೆ ಸಂಜೆ ಹೋಗ್ಬಿಟ್ರು ಅಕ್ಕ. ಆಸ್ಪತ್ರೆಲೂ ನಿಮ್ಮ ಸವಾರಿನೇ ನೋಡ್ತಿದ್ರು.”

ಮುಂದಿನದನ್ನು ಕೇಳಲು ದೇಚಮ್ಮನಿಗೆ ನಾಚಿಕೆಯಾಯಿತು. ಆದರೂ ಕೇಳಿದಳು. “ಅವರ ಹೆಬ್ಬೆರಳು ಒಂದ್ಸಲ ಒತ್ತಿಸ್ಬಹುದಾ, ನಸೀಮಾ?”

“ಬೆಳಿಗ್ಗೆನೇ ಮಣ್ಣು ಮಾಡಿದ್ವಿ ಅಕ್ಕ.”

ದೇಚಮ್ಮ ಕೆಳಗಿಳಿದು ಲಗಾಮನ್ನು ಕಳಚಿ ನೆಲಕ್ಕೆ ಹಾಕಿದಳು. ಅವಳು ಇಳಿದದ್ದನ್ನು ಕಂಡು ಕಸ್ತೂರಿ, ಎಂದಿನಂತೆ, ಜೀನು ಬಿಚ್ಚಿಸಿಕೊಳ್ಳಲು ಪಕ್ಕಕ್ಕೆ ತಿರುಗಿ ನಿಂತಿತು.