ಕಂಬ ಒಡೆಯುವ ಹೊತ್ತು

ನಮ್ಮೂರ ಹರಿಕಥೆಯ ಬಾಗಿಲಲ್ಲಿ ಎಲ್ಲರ ಎದೆಗೂ ತಂತಿ ಹಚ್ಚಿ ನೋಡುತ್ತಾರೆ. ಗುಂಡಿಗೆ ಹಠಾತ್ತನೆ ನಿಲ್ಲುವ ಲಕ್ಷಣವಿದ್ದವರಿಗೆ ಕೆಂಪು ಚೀಟಿ. ಕಥೆಯಲ್ಲಿ ನರಸಿಂಹಸ್ವಾಮಿ ಕಂಬ ಒಡೆದು ಗರ್ಜಿಸುತ್ತ ಬರುವ ಹೊತ್ತಿಗೆ ಅವರೆಲ್ಲ ಅಂಗಳಕ್ಕೆ ಹೋಗಬೇಕು. ಆರು ವರ್ಷ ಹಾಗೆ ಅಂಗಳ ಕಾದ ಪುಟ್ಟತಾಯಮ್ಮ ಈ ಸಲ ಗುಳಿಗೆ ನುಂಗಿ ನುಂಗಿ ಹಸಿರು ಚೀಟಿ ಗಿಟ್ಟಿಸಿ ಮುಂದೆಯೇ ಕೂತಿದ್ದರು.

ಕಂಬದ ಘಟ್ಟ ಬಂದದ್ದೇ ಕಥೆ ಹೇಳುತ್ತಿದ್ದ ದಾಸರು ತಾಳ ಕೆಳಗಿಟ್ಟು ಎದ್ದರು.

"ಎಲ್ಲಿಗ್ ಹೊಂಟ್ರಿ ದಾಸಪ್ಪೋರೆ?" ಪುಟ್ಟತಾಯಮ್ಮ ಕೇಳಿದರು.

"ಅಂಗಳಕ್ಕೆ ತಾಯಿ. ಈ ಸಲ ನಂದೇ ಕೆಂಪು. ಗರ್ಜಿಸಂಗಿಲ್ಲ."

"ಅಯ್ಯೋ ಶಿವ್ನೆ, ಹಂಗಾರೆ ಸ್ವಾಮಿ ಕಂಬದೊಳಗೇ ಕೂತಿರ್ಬೇಕಾ? ಆರು ವರ್ಸ ಕಾದಿವ್ನಿ!"

ಸಭೆ ಗೊಳ್ಳೆಂದಿತು. ದಾಸರು ಅಂಗಳ ಸೇರಿದರು. ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದರು, ಕಣ್ಣು ಮುಚ್ಚಿ ಕೈಮುಗಿದು, ಆರು ವರ್ಷದ ಉಸಿರನ್ನೆಲ್ಲ ಎಳೆದುಕೊಂಡು ಗರ್ಜಿಸಿದರು.

ಹಸಿರು ಚೀಟಿಯವರೂ ಅರ್ಧಕ್ಕರ್ಧ ಅಂಗಳಕ್ಕೆ ಓಡಿದರು.