ಕಾಯಂ ಸಾಕ್ಷಿ

"ಥೂ! ಇದೂ ಒಂದು ಬಾಳೇನ್ರಿ?" ವಕೀಲೆ ಮೆಹನಾಜ್ ಮುಖಕ್ಕೆ ಹೊಡೆದಂತೆ ಕೇಳಿದಳು.

ಹ್ಯಾಂಡ್‌ಪೋಸ್ಟಿನ ಟೀ ಅಂಗಡಿ. ಎದುರಿಗೆ ಸಿದ್ದಯ್ಯ, ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿದ್ದ. ಪೊಲೀಸರು ಏನೇ ವಶಪಡಿಸಿಕೊಳ್ಳಲಿ, ಪಂಚನಾಮೆಗೆ ಸಾಕ್ಷಿ ಇವನೇ. ಜಾಗಕ್ಕೆ ಹೋಗುವ ಉಸಾಬರಿಯೇ ಇಲ್ಲ. ಜೀಪು ಅಂಗಡಿ ಮುಂದೆ ನಿಲ್ಲುತ್ತದೆ, ಕಾಗದ ಇಳಿಯುತ್ತದೆ, ಇವನು ಓದದೆಯೇ ರುಜು ಗೀಚುತ್ತಾನೆ. ಒಂದು ಟೀ, ಒಂದು ಬನ್ನು, ಅಷ್ಟೇ. ಹೀಗೆ ನೂರ ನಲವತ್ತು ಕೇಸುಗಳಲ್ಲಿ 'ಕಣ್ಣಾರೆ ಕಂಡ' ಪುಣ್ಯಾತ್ಮ.

ಅಂಥದೊಂದು ರುಜುವಿನಿಂದ ಸಾಗರ್ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. ಹೆಂಡತಿ ಅನುಶ್ರೀಯನ್ನು ಕೊಂದನಂತೆ. ಕೊಲೆ ನೋಡಿದವರಿಲ್ಲ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಉಳಿದದ್ದು ಒಂದೇ: ಕೆರೆ ಏರಿಯ ಪೊದೆಯಿಂದ ರಕ್ತದ ಮಚ್ಚನ್ನು ಸಾಗರನೇ ತೆಗೆದುಕೊಟ್ಟ, ಸಿದ್ದಯ್ಯ ಅದನ್ನು ನೋಡಿದ ಎಂಬ ಪಂಚನಾಮೆ.

"ಕೆರೆ ಹತ್ರ ನನ್ನ ಕರ್ಕಂಡೇ ಹೋಗ್ಲಿಲ್ಲ ಮೇಡಂ" ಎಂದು ಸಾಗರ್ ಜೈಲಿನಲ್ಲಿ ಅವಳ ಮುಂದೆ ಗೊಳೋ ಎಂದು ಅತ್ತಿದ್ದ. ಅವನನ್ನು ಹೊರಗೆ ತರದಿದ್ದರೆ ತಾನು ಕರಿಕೋಟು ಹಾಕಿ ಏನು ಪ್ರಯೋಜನ ಎನ್ನಿಸಿತ್ತು ಮೆಹನಾಜ್‌ಗೆ.

"ಮಿಕ್ಕವ್ಕೆ ಏನಾರ ಅನ್ನಿ, ಬುಡಿ" ಎಂದ ಸಿದ್ದಯ್ಯ. "ಇದು ಕೊಲೆ ಕೇಸು ಅಂತ ಅವತ್ತು ನನ್ನ ಜೀಪ್ ಹತ್ತಿಸ್ಕಂಡು ಕೆರೆತಾವ್ಕೇ ಕರ್ಕಂಡೋದ್ರು ಕಣ್ರವ್ವ. ಅವತ್ತಿಂದ ಬಾಡು ಬಾಯಿಗಿಟ್ಟಿಲ್ಲ."

"ಸಾಕು ಮಾಡ್ರಿ ನಿಮ್ಮ ನಾಟಕ!"

ಅವನು ಮುಂದಕ್ಕೆ ತಳ್ಳಿದ ಟೀಯನ್ನು ಮುಟ್ಟದೆ ಎದ್ದುಬಂದಳು. ಆ ಲೋಟ ನೋಡಿದರೇ ಹೇಸಿಗೆಯಾಗುತ್ತಿತ್ತು.

ಹೈಕೋರ್ಟಿನಲ್ಲಿ ಮೆಹನಾಜ್ ಇನ್ನೊಂದು ಪಂಚನಾಮೆ ಮುಂದಿಟ್ಟಳು. ಅದೇ ಠಾಣೆ, ಅದೇ ದಿನ, ಅದೇ ಬೆಳಿಗ್ಗೆ ಹನ್ನೊಂದು ಗಂಟೆ. ಕೆರೆಯಿಂದ ಮೂವತ್ತು ಕಿಲೋಮೀಟರ್ ಆಚೆ ಕಳ್ಳಭಟ್ಟಿ ಹಿಡಿದದ್ದು. ಕೆಳಗೆ ಸಿದ್ದಯ್ಯನದೇ ಸೊಟ್ಟ ರುಜು.

"ಒಬ್ಬನೇ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇದ್ದನೇ, ಸ್ವಾಮಿ?"

ನ್ಯಾಯಮೂರ್ತಿಗಳೂ ಮುಖ ಸಿಂಡರಿಸಿದರು. ಇಂಥವನ ಮಾತು ನಂಬಿ ಯಾರನ್ನೂ ಜೈಲಿನಲ್ಲಿಡಲಾಗದು ಎಂದರು. ಪಂಚನಾಮೆ ಕಸದ ಬುಟ್ಟಿ ಸೇರಿತು. ಶಿಕ್ಷೆ ರದ್ದಾಯಿತು.

ಬಿಡುಗಡೆಯ ದಿನ ಮೆಹನಾಜ್ ತನ್ನ ಕಾರಿನಲ್ಲೇ ಸಾಗರನನ್ನು ಊರಿಗೆ ಕರೆತಂದಳು. ಹ್ಯಾಂಡ್‌ಪೋಸ್ಟಿನಲ್ಲಿ ಕಾರು ನಿಧಾನವಾಯಿತು. ಸಾಗರನನ್ನು ಕಂಡದ್ದೇ ಸಿದ್ದಯ್ಯ ಬನ್ನು ಬಿಟ್ಟು ಅಂಗಡಿಯ ಹಿಂದಕ್ಕೆ ಸರಿದ.

"ನಾಚಿಕೆಗೆಟ್ಟವನು" ಎಂದಳು ಮೆಹನಾಜ್.

ಸಾಗರ್ ಗಾಜು ಇಳಿಸಿ, ಕಿಸಕ್ಕನೆ ನಕ್ಕ.

"ಇವ್ನೇ ಕಣ್ರೀ ಮೇಡಂ. ಅವತ್ತು ಕೆರೆ ಏರೀಲಿ ನಾನು ಮಚ್ಚು ತೆಗೀತಿದ್ದಂಗೇ ನನ್ನ ಕಾಲ್ ಮೇಲೇ ವಾಂತಿ ಮಾಡ್ಬುಟ್ಟ. ಥೂ, ಅಸಹ್ಯ!"